ನಲವತ್ತೆರಡು ಗಂಟು ಹೊತ್ತು ವಿಲ್ನಿಯಸ್‌ಗೆ

ಬೆಂಗಳೂರು, ತಪಾಸಣೆಯ ಸಾಲು

ನಾನು ಮೊದಲ ಸಲ ಪರದೇಶಕ್ಕೆ ಹೊರಟಾಗ ನನ್ನ ಕೈಚೀಲದಲ್ಲಿ ಒಂದು ಉಪಗ್ರಹವಿತ್ತು. ಹೀಗೆ ಹೇಳಿದರೆ ಜಂಬ ಅನ್ನಿಸಬಹುದು. ಆದರೆ ಅದನ್ನು ನೋಡಿದ ಯಾರಿಗೂ ಜಂಬಪಡುವಂಥದ್ದು ಏನೂ ಕಾಣುತ್ತಿರಲಿಲ್ಲ. ಉದ್ದ, ಅಗಲ, ಎತ್ತರ ಎಲ್ಲವೂ ಒಂದು ಗೇಣಿಗಿಂತ ಕಡಿಮೆ ಇರುವ ಅಲ್ಯುಮಿನಿಯಂ ಪೆಟ್ಟಿಗೆ. ಗದಗದ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅದಕ್ಕೊಂದು ದೊಡ್ಡ ಸಂಸ್ಕೃತ ಹೆಸರಿತ್ತು. ಕರೆಯುತ್ತಿದ್ದುದು ಮಾತ್ರ ಎಲ್ಲರೂ ಡಬ್ಬಿ ಎಂದೇ.

ತಪಾಸಣೆಯ ಅಧಿಕಾರಿ ಡಬ್ಬಿಯನ್ನು ಎಕ್ಸ್-ರೇ ಪರದೆಯಲ್ಲಿ ನೋಡಿ, ನನ್ನ ಮುಖ ನೋಡಿ, ಮತ್ತೆ ಪರದೆ ನೋಡಿದರು. ನನ್ನ ಜೊತೆ ಹೊರಟಿದ್ದ ಸಹೋದ್ಯೋಗಿ ಶಂಕರಗೌಡ ಸೊರಟೂರಿನವನು, ಬೆಸುಗೆ ಹಾಕುವುದರಲ್ಲಿ ನಮ್ಮಲ್ಲೆಲ್ಲ ಗಟ್ಟಿಗ. ಅವನು ನಾನು ಬಾಯಿ ತೆರೆಯುವ ಮೊದಲೇ, "ಬಾಂಬ್ ಅಲ್ರಿ ಸರ, ಸ್ಯಾಟಲೈಟ್" ಎಂದುಬಿಟ್ಟ. ಆ ಮೊದಲ ಪದ ಅಲ್ಲಿ ಉಚ್ಚರಿಸಬಾರದ್ದು. ಮುಂದಿನ ಮುಕ್ಕಾಲು ಗಂಟೆ ನಾವು ಒಂದು ಸಣ್ಣ ಕೋಣೆಯಲ್ಲಿ ಕುಳಿತು ನಾಲ್ಕು ಜನ ಅಧಿಕಾರಿಗಳಿಗೆ ಕಾಗದ ತೋರಿಸಿದೆವು. ನನಗೆ ಅವನ ಮೇಲೆ ಬಂದ ಸಿಟ್ಟು ವಿಮಾನ ಏರಿ ಊಟದ ತಟ್ಟೆ ಬರುವವರೆಗೂ ಇಳಿಯಲಿಲ್ಲ.

ಈ ಯೋಜನೆಯ ಮ್ಯಾನೇಜರು ನಾನು. ಊರು ಲಕ್ಷ್ಮೇಶ್ವರ, ಪಾಠ ಹೇಳುವುದು ಗದಗದಲ್ಲಿ, ಸ್ವಭಾವ ಪಟ್ಟಿ ಬರೆಯುವುದು. ಭೂಮಿಯ ಸುತ್ತ ಹಾರಾಡುವ ಸೂಕ್ಷ್ಮ ಕಣಗಳನ್ನು ಎಣಿಸುವ ಒಂದು ಉಪಕರಣವನ್ನು ನಾಲ್ಕು ವರ್ಷ ತೇಪೆ ಹಚ್ಚಿ ಹಚ್ಚಿ ಕಟ್ಟಿದ್ದೆವು. ದೊಡ್ಡವರು ಇಂಥ ಕೆಲಸದಲ್ಲಿ ಪ್ರತಿಯೊಂದನ್ನೂ ಎರಡೆರಡು ಮಾಡುತ್ತಾರೆ. ಒಂದನ್ನು ಪರೀಕ್ಷೆಯಲ್ಲಿ ಜಜ್ಜಿ ಹಾಳು ಮಾಡಿ, ಇನ್ನೊಂದನ್ನು ಮೇಲೆ ಕಳಿಸುತ್ತಾರೆ. ನಮಗೆ ಒಂದೇ. ಹೀಗಾಗಿ ಅದನ್ನು ಅಲುಗಾಡಿಸಿ ನೋಡುವ ಪರೀಕ್ಷೆಯನ್ನೂ ಊರಲ್ಲಿ ಮಾಡಿರಲಿಲ್ಲ. ಹೇಗೂ ಲಿಥುವೇನಿಯಾದಲ್ಲಿ ಡಬ್ಬಿಯನ್ನು ರಾಕೆಟ್ಟಿನ ಕೊಳವೆಗೆ ತುಂಬುವವರು ಒಂದು ಸಲ ಮಾಡುತ್ತಾರಲ್ಲ, ಅಷ್ಟೇ ಸಾಕು ಎಂದು ನಾನೇ ಲೆಕ್ಕ ಹಾಕಿದ್ದೆ.

ಒಳಗಿನ ತಂತಿಗಳ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು, ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ರಾಕೆಟ್ಟು ಏರುವಾಗಿನ ಕುಲುಕಾಟಕ್ಕೆ ತಂತಿ ಅಲ್ಲಾಡದಂತೆ ದಾರದಿಂದ ಬಿಗಿಯಬೇಕು. ಅದಕ್ಕೆಂದೇ ಒಂದು ಬಗೆಯ ದಾರವಿದೆ, ತರಿಸಿದ್ದೆವು. ಆದರೆ ನಮ್ಮ ವಿದ್ಯಾರ್ಥಿಗಳು ಹಾಕಿದ ಗಂಟೆಲ್ಲ ಮರುದಿನ ಸಡಿಲ. ಆಗ ನನಗೆ ಬೆಟಗೇರಿಯ ನೇಕಾರರ ನೆನಪಾಯಿತು. ಮಗ್ಗದಲ್ಲಿ ಹರಿದ ಎಳೆಯನ್ನು ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುವ ಬೆರಳುಗಳವು. ಈರಪ್ಪಣ್ಣ ಬಂದರು. ಅರವತ್ತರ ಆಸುಪಾಸಿನ ಮಿತಭಾಷಿ. ಮೂರು ದಿನ ಕುಳಿತು ನಲವತ್ತೆರಡು ಗಂಟು ಹಾಕಿದರು. ಮೊದಲ ದಿನ ಏನೋ ಕೇಳಲು ನನ್ನ ಮೇಜಿನ ಹತ್ತಿರ ಬಂದಿದ್ದರು. ನಾನು ಫೋನಿನಲ್ಲಿದ್ದೆ. "ನಿಮ್ಮ ಪದ್ಧತಿ ಹೆಂಗೈತಿ ಹಂಗ ಮಾಡ್ರಿ" ಎಂದು ಕೈಬೀಸಿ ಕಳಿಸಿದೆ.

ವಿಲ್ನಿಯಸ್, ಹೊಸ್ತಿಲು

ವಿಲ್ನಿಯಸ್ಸಿನಲ್ಲಿ ಜನ ನಗುವುದಿಲ್ಲ. ಸಿಟ್ಟಿನಿಂದಲ್ಲ, ಕಾರಣವಿಲ್ಲದೆ ಯಾಕೆ ನಗಬೇಕು ಎಂಬಂತೆ. ನಮ್ಮಲ್ಲಿ ಮುಂಡರಗಿ ಬಸ್ಸಿನಲ್ಲಿ ಪಕ್ಕ ಕುಳಿತವರು ಗದಗ ದಾಟುವುದರೊಳಗೆ ನಿಮ್ಮ ಮಕ್ಕಳ ಮದುವೆಯ ಮಾತಿಗೆ ಬಂದಿರುತ್ತಾರೆ. ಇಲ್ಲಿನ ಬಸ್ಸಿನಲ್ಲಿ ಎಲ್ಲರೂ ಕಿಟಕಿ ನೋಡುತ್ತಾರೆ. ರಸ್ತೆಯಲ್ಲಿ ಒಂದೂ ಗಾಡಿ ಇಲ್ಲದಿದ್ದರೂ ಕೆಂಪು ದೀಪ ಇರುವವರೆಗೆ ನಿಂತೇ ಇರುತ್ತಾರೆ. ಮೊದಲ ದಿನ ನಾವಿಬ್ಬರು ದಾಟಿಬಿಟ್ಟೆವು. ಆಚೆ ಬದಿಯ ಒಬ್ಬ ಅಜ್ಜಿ ನಮ್ಮನ್ನು ನೋಡಿದ ನೋಟಕ್ಕೆ, ಆಮೇಲೆ ಹಸಿರು ದೀಪವಿದ್ದಾಗಲೂ ಅಂಜುತ್ತಲೇ ದಾಟುವಂತಾಯಿತು.

ಡಬ್ಬಿಯನ್ನು ಒಪ್ಪಿಸಬೇಕಾಗಿದ್ದು ಊರ ಹೊರಗಿನ ಒಂದು ಸಣ್ಣ ಕಂಪನಿಗೆ. ಅಲ್ಲಿನ ಪರೀಕ್ಷಾಧಿಕಾರಿ ದನೂತೆ ಎಂಬ ಹೆಂಗಸು. ಬೆಳ್ಳಗಿನ ಗಿಡ್ಡ ಕೂದಲು, ಕೊರಳಲ್ಲಿ ಎರಡು ಕನ್ನಡಕ. ಬಾಗಿಲು ತೆರೆದೊಡನೆ ನಾನು ಹೊರಗಿನಿಂದಲೇ ಕೈ ಚಾಚಿದೆ. ಆಕೆ ಕೈ ಕೊಡಲಿಲ್ಲ. ನನಗೆ ಮುಖದ ಮೇಲೆ ಹೊಡೆದಂತಾಯಿತು. ನನ್ನ ತೋಳು ಹಿಡಿದು ಒಳಗೆಳೆದುಕೊಂಡು, ಆಮೇಲೆ ಕೈ ಕುಲುಕಿ ಹೇಳಿದಳು: "ಹೊಸ್ತಿಲ ಮೇಲೆ ಕೊಡುವುದು, ತೆಗೆದುಕೊಳ್ಳುವುದು ಇಲ್ಲ. ಜಗಳ ಬರುತ್ತದೆ."

"ನಮ್ಮವ್ವನೂ ಹಿಂಗಽ ಅಂತಾಳಲ್ರಿ" ಎಂದ ಶಂಕರಗೌಡ ನನ್ನ ಕಿವಿಯಲ್ಲಿ.

ಅವನು ದಾರಿಯಲ್ಲಿ ಹತ್ತು ಗುಲಾಬಿ ಕೊಂಡಿದ್ದ. ದನೂತೆ ಹೂವು ಎಣಿಸಿ, ಒಂದನ್ನು ಸದ್ದಿಲ್ಲದೆ ಎಳೆದು ಕಿಟಕಿಯಲ್ಲಿಟ್ಟಳು. ಅವರಲ್ಲಿ ಸಮಸಂಖ್ಯೆಯ ಹೂವು ಸತ್ತವರಿಗೆ. ಮದುವೆ ಆಹೇರಿಗೆ ನೂರರ ಮೇಲೊಂದು ರೂಪಾಯಿ ಇಡುವ ನಾವು ಇದನ್ನು ಊಹಿಸಬಹುದಿತ್ತು. ಶುಭ ಕೆಲಸಕ್ಕೆ ಹೊರಟವರು ಶವದ ಹೂವು ಹಿಡಿದು ಬಂದೆವಲ್ಲ ಎಂದು ನನಗೆ ಒಳಗೊಳಗೇ ಕಸಿವಿಸಿಯಾಯಿತು.

ಬಿಳಿ ಕೋಣೆ

ಡಬ್ಬಿ ತೆರೆಯುವ ಕೋಣೆಯಲ್ಲಿ ಧೂಳು ಇರಕೂಡದು. ಬಿಳಿ ನಿಲುವಂಗಿ, ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಕೈಗವಸು. ಬಳೆ ತೆಗೆಯಿರಿ ಎಂದರು. ಒಂದು ಕ್ಷಣ ತಡೆದು ತೆಗೆದೆ. ಹಣೆಯ ಕುಂಕುಮ ಒರೆಸಿದೆ. ಶಂಕರಗೌಡ ವಿಭೂತಿ ತೊಳೆದ. ಪುಡಿಯ ವಿಚಾರದಲ್ಲಿ ನಾನು ಮೊದಲಿಂದ ಬಲು ಬಿಗಿ. ಊರಲ್ಲಿ ಬೀಳ್ಕೊಡುಗೆಯ ದಿನ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಲು ಬಂದವರನ್ನೆಲ್ಲ ಬೈದು, ಹೊರಗಿನ ಕಟ್ಟಿಗೆಯ ಪೆಟ್ಟಿಗೆಗಷ್ಟೇ ಹಚ್ಚಲು ಬಿಟ್ಟಿದ್ದೆ. ಅದಕ್ಕಾಗಿ ಕಾಲೇಜಿನಲ್ಲಿ ನನ್ನ ಹೆಸರು ಕೆಟ್ಟಿತ್ತು. ಈಗ ನೋಡಿ, ಎಷ್ಟು ಒಳ್ಳೆಯದಾಯಿತು ಎಂದು ಹಮ್ಮಿನಿಂದಲೇ ಒಳಗೆ ಹೋದೆ.

ಪಕ್ಕದ ಮೇಜಿನ ಮೇಲೆ ಇನ್ನೊಂದು ಡಬ್ಬಿ ಕುಳಿತಿತ್ತು. ಬೇರೊಂದು ದೇಶದ ವಿದ್ಯಾರ್ಥಿಗಳದ್ದು, ಮೋಡಗಳ ಚಿತ್ರ ತೆಗೆಯುವಂಥದ್ದು. ಅದರ ಮಸೂರ ಒಂದೇ ಒಂದು ದೊಡ್ಡ ಕಣ್ಣಿನಂತೆ ಹೊಳೆಯುತ್ತಿತ್ತು. "ಒಂದೇ ಕೊಳವೆಯಲ್ಲಿ ಇದು ಒಳಗೆ, ನಿಮ್ಮದು ಮುಂದೆ" ಎಂದಳು ದನೂತೆ. "ನಾಳೆ ಮೂರು ಗಂಟೆಗೆ ಮುಚ್ಚಳ ಹಾಕುತ್ತೇವೆ. ಮುಚ್ಚಿದ ಮೇಲೆ ಯಾರಿಗಾಗಿಯೂ ತೆರೆಯುವುದಿಲ್ಲ."

ಡಬ್ಬಿಯನ್ನು ಒಂದು ಕಬ್ಬಿಣದ ಪೀಠಕ್ಕೆ ಬಿಗಿದು ಅಲುಗಾಡಿಸಿದರು. ಆ ಸದ್ದು ಹಿಟ್ಟಿನ ಗಿರಣಿಯ ಸದ್ದಿಗಿಂತ ದೊಡ್ಡದು. ಕೊನೆಗೆ ಪೀಠ ನಿಂತಿತು. ವಿದ್ಯುತ್ ಹಾಯಿಸಿದರು, ಡಬ್ಬಿ ಕಣ್ಣು ಬಿಟ್ಟಿತು, ಎಲ್ಲ ಅಂಕಿ ಸರಿ. ಶಂಕರಗೌಡ ನನ್ನ ಭುಜ ತಟ್ಟಿದ. ಆಗ ದನೂತೆ ಪೀಠದ ಮೇಲೆ ಬಾಗಿ, ಕನ್ನಡಕ ಬದಲಿಸಿ, ಚಿಮುಟದಿಂದ ಏನನ್ನೋ ಎತ್ತಿದಳು. ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದಳು. ಹಪ್ಪಳದ ಚೂರಿನಂಥ ತೆಳ್ಳಗಿನ ಬಿಳಿ ಚಕ್ಕೆ. ಒಂದಲ್ಲ, ಹತ್ತಾರು.

"ಇದು ಏನು?"

ನನಗೆ ಗೊತ್ತಿರಲಿಲ್ಲ. ಆಕೆ ನನ್ನ ಸಹಿಯಿದ್ದ ಹಾಳೆ ತೆಗೆದಿಟ್ಟಳು. ಡಬ್ಬಿಯೊಳಗಿನ ಪ್ರತಿಯೊಂದು ವಸ್ತುವಿನ ಪಟ್ಟಿ, ಕೆಳಗೆ ಒಂದು ಸಾಲು: ಇದರ ಹೊರತು ಬೇರೇನನ್ನೂ ಬಳಸಿಲ್ಲ.

"ಗಾಳಿಯಿಲ್ಲದ ಕಡೆ ಈ ಚಕ್ಕೆ ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ" ಎಂದು ಪಕ್ಕದ ಮೇಜಿನ ಆ ಕಣ್ಣಿನ ಕಡೆ ನೋಡಿದಳು. "ಇವತ್ತು ಸಂಜೆಯೊಳಗೆ ಇದೇನೆಂದು ಹೇಳಿ. ಇಲ್ಲದಿದ್ದರೆ ನಿಮ್ಮ ಡಬ್ಬಿ ನಿಮ್ಮ ಜೊತೆ ಮನೆಗೆ."

ಕಾರಿಡಾರು

ಮಧ್ಯಾಹ್ನದ ಊಟಕ್ಕೆ ಗುಲಾಬಿ ಬಣ್ಣದ ತಣ್ಣನೆಯ ಸಾರು ಕೊಟ್ಟರು. ಬೀಟ್‌ರೂಟಿಗೆ ಮಜ್ಜಿಗೆ ಬೆರೆಸಿದ್ದು, ಜೊತೆಗೆ ಕಪ್ಪು ರೊಟ್ಟಿ. ಬೇರೆ ದಿನವಾಗಿದ್ದರೆ ಇದರ ಬಗ್ಗೆ ಒಂದು ಪುಟ ಬರೆಯುತ್ತಿದ್ದೆ. ಆ ದಿನ ಚಮಚ ಮುಳುಗಿಸಿದ್ದಷ್ಟೇ ನೆನಪು.

ನಾನು ಮನಸ್ಸಿನಲ್ಲೇ ಪಟ್ಟಿ ಓದುತ್ತಿದ್ದೆ. ಅಂಟು, ಬಣ್ಣ, ಟೇಪು, ದಾರ. ದಾರದ ಹತ್ತಿರ ಬಂದಾಗ, ಮೇಜಿನ ಎದುರು ನಿಂತಿದ್ದ ಈರಪ್ಪಣ್ಣನ ಮುಖ ಕಣ್ಣ ಮುಂದೆ ಬಂತು. ಎದ್ದು ಕಾರಿಡಾರಿಗೆ ಹೋಗಿ ಫೋನು ಹಚ್ಚಿದೆ. ಆ ಕಡೆ ಮಗ್ಗದ ಸದ್ದು ಕೇಳುತ್ತಿತ್ತು.

"ಈರಪ್ಪಣ್ಣ, ಆ ದಾರಕ್ಕ ಏನರ ಹಚ್ಚಿದ್ರೇನು?"

"ಹೂಂರಿ ಅಕ್ಕಾರ, ಗಂಜಿ ಹಚ್ಚಿದ್ದೆ. ತೆಳ್ಳಗ, ಎರಡ ಸರತಿ. ದಾರ ಭಾಳ ನುಣುಪಿತ್ತಲ್ರಿ, ಗಂಟು ಜಾರತಿತ್ತು. ಗಂಜಿ ಇಲ್ದ ನಾವು ಎಳಿ ಮುಟ್ಟೂದಿಲ್ಲ. ನಿಮ್ಮನ್ನ ಕೇಳಾಕ ಬಂದಿದ್ದೆ. ನಿಮ್ಮ ಪದ್ಧತಿ ಹೆಂಗೈತಿ ಹಂಗ ಮಾಡ್ರಿ ಅಂದ್ರಿ."

ಮಗ್ಗದ ಸದ್ದು ನಿಂತಿತು.

"ಯಾಕ್ರಿ, ಏನರ ಕೆಟ್ಟೈತೇನ್ರಿ? ನನ್ನಿಂದ ಆತೇನ್ರಿ?"

"ಆಮ್ಯಾಲ ಹೇಳ್ತೀನಿ" ಎಂದು ಫೋನು ಇಟ್ಟೆ. ಇಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.

ಹಿಂದೆಯೇ ಬಂದು ನಿಂತಿದ್ದ ಶಂಕರಗೌಡ ಎಲ್ಲ ಕೇಳಿಸಿಕೊಂಡಿದ್ದ. ಅತ್ತಿತ್ತ ನೋಡಿ ದನಿ ತಗ್ಗಿಸಿದ. ಅಲ್ಲಿ ಕನ್ನಡ ತಿಳಿಯುವವರು ಯಾರೂ ಇರಲಿಲ್ಲ, ಆದರೂ ತಗ್ಗಿಸಿದ.

"ಮೇಡಂ, ಪ್ಯಾಕಿಂಗ್ ಫೋಮಿನ ಪುಡಿ ಅಂದ್ಬಿಡೋಣು. ಒರಸಿ ಇಟ್ರ ಆತು. ನಾಲ್ಕು ವರ್ಷರಿ."

"ಮತ್ತ ಆ ಹುಡುಗರ ಡಬ್ಬಿ?"

"ಏನೂ ಆಗಂಗಿಲ್ರಿ. ಉದುರೂದು ಎಲ್ಲಾ ಇಲ್ಲೇ ಉದುರೈತಿ."

"ಖರೆ ಹೇಳು. ಎಲ್ಲಾ ಉದುರೈತಿ ಅಂತ ನಿನಗ ಗೊತ್ತೈತೇನು?"

ಅವನು ಗೋಡೆ ನೋಡಿದ. "ಗಂಜಿ ಅಂದ್ರ ನಗ್ತಾರ್ರಿ ಮೇಡಂ. ಅಗ್ಗದ ಮಂದಿ ಹಿಂಗಽ ಅಂತಾರ" ಎಂದ.

ನನ್ನ ಮನಸ್ಸನ್ನು ತಿನ್ನುತ್ತಿದ್ದುದೂ ಅದೇ. ಎಷ್ಟು ಸಭೆಗಳಲ್ಲಿ ನಾನು ಎದೆ ಮುಂದೆ ಮಾಡಿ ಹೇಳಿದ್ದೆ, ಅಗ್ಗ ಅಂದರೆ ಕಳಪೆ ಅಲ್ಲ ಎಂದು. ಆ ಕಾರಿಡಾರಿನಲ್ಲಿ ನಿಂತು ಐದು ನಿಮಿಷ ನಾನು ನಿಜವಾಗಿಯೂ ಫೋಮಿನ ಸುಳ್ಳನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡೆ. ಎಲ್ಲಿ ವಿರಾಮ ಕೊಡಬೇಕು ಎಂಬುದನ್ನೂ ಯೋಚಿಸಿದ್ದೆ. ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಹೀಗೆ. ಬಾಗಿಲು ತಳ್ಳಿ ಒಳಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಪಕ್ಕದ ಮೇಜಿನ ಆ ಮಸೂರ. ಅದರ ಹಿಂದೆಯೂ ನನ್ನಂಥವಳೊಬ್ಬಳು ನಾಲ್ಕು ವರ್ಷ ನಿದ್ದೆಗೆಟ್ಟಿರುತ್ತಾಳೆ.

"ಅದು ಗಂಜಿ" ಎಂದೆ. "ದಾರಕ್ಕೆ ಹಚ್ಚಿದ್ದು. ನೇಕಾರರ ಪದ್ಧತಿ."

ದನೂತೆ ನಗಲಿಲ್ಲ. ಒಂದು ಚಕ್ಕೆಯ ಮೇಲೆ ಅಯೋಡಿನ್ ಹನಿ ಬಿಟ್ಟಳು. ಅದು ಕಡುನೀಲಿಗೆ ತಿರುಗಿತು. ನೋಡಿದ ಮೇಲೆ ಒಂದು ಫಾರ್ಮು ಕೊಟ್ಟಳು. ಕಾರಣ ಎಂಬ ಕಡೆ ಎರಡು ಚೌಕ: ಕೆಲಸಗಾರನ ತಪ್ಪು, ಆಡಳಿತದ ತಪ್ಪು.

"ಎರಡನೆಯದಕ್ಕೆ ಗುರುತು ಹಾಕಿದರೆ ಈ ಉಡಾವಣೆಗೆ ನಿಮ್ಮ ಸಹಿ ನಡೆಯುವುದಿಲ್ಲ. ಬೇರೆಯವರು ಹೊಣೆ ಹೊರಬೇಕು. ದಾಖಲೆಯಲ್ಲಿ ಅವರ ಹೆಸರೇ ಇರುತ್ತದೆ" ಎಂದಳು.

ಮೊದಲನೆಯ ಚೌಕ ಪೆನ್ನಿನ ಹತ್ತಿರವೇ ಇತ್ತು. ಈರಪ್ಪಣ್ಣ ಇದನ್ನು ಎಂದೂ ನೋಡುವವರಲ್ಲ, ಓದುವವರೂ ಅಲ್ಲ. ನಾನು ಎರಡನೆಯದಕ್ಕೆ ಗುರುತು ಹಾಕಿದೆ. ಒಳ್ಳೆಯತನ ಉಕ್ಕಿ ಬಂದು ಹಾಕಿದ್ದಲ್ಲ. ಅವರು ಕೇಳಲು ಬಂದಿದ್ದರು, ನಾನು ಕೈಬೀಸಿದ್ದೆ. ಅದಕ್ಕೆ ಬೇರೆ ಹೆಸರಿಲ್ಲ.

ಎರಡನೆಯ ದಿನ, ಗಾಜು

ಗಂಜಿ ತೆಗೆದು ಮತ್ತೆ ಕಟ್ಟಿಕೊಡಲು ದನೂತೆ ಒಪ್ಪಿ, ಹೊಸ ದಾರವನ್ನೂ ಕೊಟ್ಟಿದ್ದಳು. ಮರುದಿನ ಬೆಳಿಗ್ಗೆ ಎಂಟಕ್ಕೆ ಕೆಲಸ ಶುರು. ನಲವತ್ತೆರಡು ಗಂಟನ್ನೂ ಕತ್ತರಿಸಿ, ಒಳಗನ್ನೆಲ್ಲ ಸಣ್ಣ ಹೀರುಗೊಳವೆಯಿಂದ ಚೊಕ್ಕ ಮಾಡಿ, ಹೊಸ ದಾರದಿಂದ ಕಟ್ಟಿ, ಮತ್ತೆ ಅಲುಗಾಡಿಸಿ, ಮೂರರೊಳಗೆ ಒಪ್ಪಿಸಬೇಕು. ಕತ್ತರಿಸಿ ಚೊಕ್ಕ ಮಾಡುವುದರಲ್ಲೇ ಹತ್ತು ಗಂಟೆಯಾಯಿತು. ಶಂಕರಗೌಡನ ದಪ್ಪ ಬೆರಳು ಒಳಗೆ ಹೋಗಲಿಲ್ಲ. ನಾನು ಹಾಕಿದ ಮೊದಲ ಗಂಟು ಕೈ ಬಿಟ್ಟೊಡನೆ ಜಾರಿತು. ಎರಡನೆಯದೂ ಜಾರಿತು.

ಕೋಣೆಯೊಳಗೆ ಫೋನು ತರುವಂತಿಲ್ಲ. ಆದರೆ ಒಂದು ಗೋಡೆ ಪೂರ್ತಿ ಗಾಜು. ಶಂಕರಗೌಡ ಹೊರಗೆ ಓಡಿ, ಬೆಟಗೇರಿಗೆ ವೀಡಿಯೊ ಕರೆ ಹಚ್ಚಿ, ಫೋನನ್ನು ಗಾಜಿಗೆ ಒತ್ತಿ ಹಿಡಿದ. ನನಗೆ ಮಾತು ಕೇಳುತ್ತಿರಲಿಲ್ಲ. ಕಂಡದ್ದು ಈರಪ್ಪಣ್ಣನ ಎರಡು ಕೈ ಮಾತ್ರ. ಅವರ ಹೆಂಡತಿ ಗಂಗವ್ವ ಫೋನು ಹಿಡಿದಿದ್ದರಂತೆ. ನನಗೆ ಕಾಣಲೆಂದು ಈರಪ್ಪಣ್ಣ ಒಂದು ಕೆಂಪು ಎಳೆ, ಒಂದು ಹಸಿರು ಎಳೆ ತೆಗೆದುಕೊಂಡಿದ್ದರು. ಶಂಕರಗೌಡ ಅವರ ಮಾತನ್ನು ದಪ್ಪಕ್ಷರದಲ್ಲಿ ಹಾಳೆಯ ಮೇಲೆ ಬರೆದು ಗಾಜಿಗೆ ಹಿಡಿಯುತ್ತಿದ್ದ. ಮೊದಲ ಹಾಳೆ: ಗಂಜಿ ಇಲ್ಲಂದ್ರ ಎರಡ ಸುತ್ತು ಹಾಕ್ರಿ.

ಆ ಕೈಗಳು ನಿಧಾನವಾಗಿ ತೋರಿಸಿದವು. ಸುತ್ತು, ಇನ್ನೊಂದು ಸುತ್ತು, ಕೆಳಗಿನಿಂದ ಮೇಲೆ, ಹೆಬ್ಬೆರಳಿನಿಂದ ಒತ್ತಿ ಎಳೆತ. ನಾನು ಹಾಕಿದೆ. ನಿಂತಿತು. ಹನ್ನೆರಡರ ಹೊತ್ತಿಗೆ ಹದಿನೆಂಟು. ನಡುವೆ ಬೆಟಗೇರಿಯಲ್ಲಿ ನೆಟ್‌ವರ್ಕ್ ಹೋಗಿ ಕೈಗಳು ಅರ್ಧಕ್ಕೆ ನಿಂತವು. ಆ ಕೆಲವು ನಿಮಿಷ ನಾನೂ ಕೈ ಹಾಗೇ ಹಿಡಿದು ನಿಂತಿದ್ದೆ. ಒಂದೂವರೆಗೆ ನಲವತ್ತೆರಡು ಮುಗಿದವು. ಕೊನೆಯ ಮೂರು ನಾಲ್ಕು ಅವಸರದಲ್ಲಿ ಹಾಕಿದ್ದೆ.

ಮತ್ತೆ ಗಿರಣಿಯ ಸದ್ದು. ಚಕ್ಕೆ ಒಂದೂ ಇಲ್ಲ. ಆದರೆ ದನೂತೆ ಸೂಜಿಯಂಥ ಕಡ್ಡಿಯಿಂದ ಒಂದೊಂದೇ ಗಂಟು ಮುಟ್ಟುತ್ತ ಹೋಗಿ ನಲವತ್ತನೆಯದರ ಹತ್ತಿರ ನಿಂತಳು. ಗಂಟು ಸಡಿಲಾಗಿತ್ತು. ಅದಕ್ಕೆ ನಾನು ಹಾಕಿದ್ದು ಒಂದೇ ಸುತ್ತು. ಗಡಿಯಾರ ನೋಡಿದೆ, ಎರಡು ಹತ್ತು. ಮತ್ತೆ ಕಟ್ಟಿ, ಮತ್ತೆ ಅಲುಗಾಡಿಸಬೇಕು. ನನ್ನ ಬೆರಳು ಮರಗಟ್ಟಿದ್ದವು. ಗಾಜಿನ ಆಚೆ ನೋಡಿದೆ. ಕೆಂಪು ಹಸಿರು ಎಳೆ ಹಿಡಿದ ಕೈಗಳು ಅಲ್ಲೇ ಇದ್ದವು. ಅವು ಮೊದಲಿನಷ್ಟೇ ನಿಧಾನವಾಗಿ, ಒಂದಿಷ್ಟೂ ಅವಸರವಿಲ್ಲದೆ ಮೊದಲಿನಿಂದ ತೋರಿಸಿದವು. ನಾನು ಅಷ್ಟೇ ನಿಧಾನವಾಗಿ ಹಾಕಿದೆ.

ಮೂರನೆಯ ಸಲದ ಗಿರಣಿ ನಿಂತಾಗ ಎರಡು ಐವತ್ತು. ದನೂತೆ ನಲವತ್ತೆರಡನ್ನೂ ಮುಟ್ಟಿ ನೋಡಿ ತಲೆಯಾಡಿಸಿದಳು. ಶಂಕರಗೌಡ ಸಹಿ ಮಾಡಿದ. ಸಹಿಯಿಲ್ಲದವರು ಮುಚ್ಚಳ ಹಾಕುವ ಜಾಗದಲ್ಲಿ ನಿಲ್ಲುವಂತಿಲ್ಲ. ನಾನು ಗಾಜಿನ ಆಚೆ, ಅವನು ಅಷ್ಟು ಹೊತ್ತು ಫೋನು ಹಿಡಿದು ನಿಂತಿದ್ದ ಜಾಗದಲ್ಲಿ ನಿಂತು, ನಮ್ಮ ಡಬ್ಬಿ ಆ ದೊಡ್ಡ ಕಣ್ಣಿನ ಮುಂದೆ ಕೊಳವೆಗೆ ಇಳಿಯುವುದನ್ನು ನೋಡಿದೆ. ಹೊಟ್ಟೆ ಉರಿಯಿತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಹೊರಡುವಾಗ ದನೂತೆ ಒಂದು ಸಣ್ಣ ಗಾಜಿನ ಶೀಶೆ ಕೊಟ್ಟಳು. ಹೊಸ್ತಿಲ ಮೇಲಲ್ಲ, ಒಳಗೆ ಕರೆದು. ಕತ್ತರಿಸಿದ ಹಳೆಯ ಗಂಟುಗಳೆಲ್ಲ ಅದರಲ್ಲಿದ್ದವು. "ಕಟ್ಟಿದವರಿಗೆ ಕೊಡಿ" ಎಂದಳು. ಆಗ ಮೊದಲ ಸಲ ಆಕೆ ನಕ್ಕದ್ದನ್ನು ನೋಡಿದೆ.

ಬೆಟಗೇರಿ

ರಾಕೆಟ್ಟು ಏರಿದ್ದು ನಾವು ಮರಳಿದ ಎಷ್ಟೋ ವಾರಗಳ ಮೇಲೆ. ಡಬ್ಬಿ ಮಾತಾಡುತ್ತಿದೆ. ಆ ಹುಡುಗರ ಕಣ್ಣೂ ಮೋಡ ನೋಡುತ್ತಿದೆಯಂತೆ. ಕಾಲೇಜಿನ ಫಲಕದಲ್ಲಿ ಶಂಕರಗೌಡನ ಹೆಸರಿದೆ; ಅವನು ಅದರ ಮುಂದೆ ಹಾದುಹೋಗುವಾಗ ಇನ್ನೂ ತಲೆ ತಗ್ಗಿಸುತ್ತಾನೆ. ಆದರೆ ನಾನು ಬೆಟಗೇರಿಗೆ ಹೋದದ್ದು ಇದಕ್ಕೆಲ್ಲ ಮೊದಲು, ಗದಗಕ್ಕೆ ಬಂದಿಳಿದ ದಿನವೇ.

ಈರಪ್ಪಣ್ಣ ಮಗ್ಗದ ಕುಣಿಯಿಂದ ಏಳಲಿಲ್ಲ. ಗಂಗವ್ವ, "ಅವತ್ತಿಂದ ಸರಿ ಊಟ ಮಾಡಿಲ್ರಿ ಅಕ್ಕಾರ" ಎಂದರು. ನಾನು ಈರಪ್ಪಣ್ಣನ ಎದುರು ನೆಲದ ಮೇಲೆ ಕುಳಿತೆ.

"ನಿಮ್ಮಿಂದ ಆಗಿಲ್ಲ. ನೀವು ಕೇಳಾಕ ಬಂದಿದ್ರಿ, ನಾ ಕೇಳ್ಲಿಲ್ಲ. ಹಂಗಽ ಬರದು ಕೊಟ್ಟು ಬಂದೀನಿ" ಎಂದು ಶೀಶೆ ಕೊಟ್ಟೆ.

ಅವರು ಗಂಟುಗಳನ್ನು ಒಂದು ಬಿಳಿ ಬಟ್ಟೆಯ ಮೇಲೆ ಸುರಿದು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ನಲವತ್ತೆರಡೂ ಇದ್ದವು.

"ಒಂದೂ ಬಿಚ್ಚಿಲ್ರಿ" ಎಂದರು ಕೊನೆಗೆ. "ಎಲ್ಲಾ ಕತ್ತರಿಸ್ಯಾರ." ಅವರ ಮುಖ ತಿಳಿಯಾಯಿತು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹಾಕಿದ್ವು?" ಎಂದು ಕೇಳಿದರು.

"ಒಂದು ಸಡಿಲ ಆತು. ಒಂದಽ ಸುತ್ತು ಹಾಕಿದ್ದೆ."

ಅವರು ನನ್ನ ಮುಂದೆ ಕೆಂಪು ಎಳೆ, ಹಸಿರು ಎಳೆ ಇಟ್ಟರು. "ಹಾಕ್ರಿ, ನೋಡೂನು."

ದನೂತೆಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿ ಹಾಕಿದೆ. ಅವರು ಉಗುರಿನಿಂದ ಎಳೆದು ನೋಡಿ ಬಿಚ್ಚಿದರು; ಮತ್ತೆ ಹಾಕಿಸಿದರು. ನಾಲ್ಕನೆಯದಕ್ಕೆ "ಆತು" ಎಂದರು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಳ್ಳತೊಡಗಿತು, ಕಾಲೇಜಿನದು. ಅದೇ ಹೊತ್ತಿಗೆ ಈರಪ್ಪಣ್ಣ, "ಅಕ್ಕಾರ, ಮುಂದಿನ ಡಬ್ಬಿಗೆ ದಾರ ತರಸೂ ಮುಂಚೆ ಒಂದ ಮಾತು ಕೇಳೂದಿತ್ರಿ" ಎಂದರು.

ನಾನು ಫೋನು ಬಂದ್ ಮಾಡಿ, ಮಗ್ಗದ ಅಂಚಿಗೆ ಬೋರಲಾಗಿ ಇಟ್ಟೆ. "ಕೇಳ್ರಿ" ಎಂದೆ.